ಸಮಕ್ಕೆ ನಿಲ್ಲುವ ಪೆಡಲ್: ಮೂರು ಲೂಪರ್‌ಗಳನ್ನು ತುಳಿದು ನೋಡಿದ ಮೇಲೆ

ಗಣೇಶೋತ್ಸವದಿಂದ ರಾಜ್ಯೋತ್ಸವದವರೆಗೆ ಮುಂಬಯಿಯಲ್ಲಿ ತಬಲಾದವರು ಸಿಗುವುದು ಕಷ್ಟ. ಒಂದೇ ಸಂಜೆ ಮಾಟುಂಗದಲ್ಲೊಂದು, ಠಾಣೆಯಲ್ಲೊಂದು ಕಾರ್ಯಕ್ರಮ ಒಪ್ಪಿಕೊಂಡಿರುತ್ತಾರೆ. ನಾನು ಡೊಂಬಿವಲಿಯಿಂದ ಗಿಟಾರ್ ಹೊತ್ತು ಹೋಗಿ ಭಾವಗೀತೆ ಹಾಡುವವನು. ಹಾಡುತ್ತಲೇ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯಬೇಕು, ಚರಣಗಳ ನಡುವೆ ಬಿಡಿ ಸ್ವರಗಳನ್ನೂ ನುಡಿಸಬೇಕು. ಎರಡು ಕೈಗೆ ಅದು ಆಗುವ ಕೆಲಸವಲ್ಲ. ಹಾಗಾಗಿ ಲೂಪ್ ಪೆಡಲ್ ಬೇಕಾಯಿತು. ಒಮ್ಮೆ ತುಳಿದರೆ ರೆಕಾರ್ಡ್ ಶುರು, ಇನ್ನೊಮ್ಮೆ ತುಳಿದರೆ ನುಡಿಸಿದ ತುಂಡು ತಾನೇ ಸುತ್ತತೊಡಗುತ್ತದೆ, ಅದರ ಮೇಲೆ ಮತ್ತೊಂದು ಪದರ ಹಾಕಬಹುದು.

ಸುಮಾರು ಒಂದು ವರ್ಷದಲ್ಲಿ ಮೂರನ್ನು ಬಳಸಿದೆ. ಟಿಸಿ ಎಲೆಕ್ಟ್ರಾನಿಕ್‌ನ ಡಿಟ್ಟೊ ನಾನೇ ಕೊಂಡಿದ್ದು, ಸೆಕೆಂಡ್ ಹ್ಯಾಂಡ್. ಬಾಸ್ ಕಂಪನಿಯ ಆರ್‌ಸಿ-1 ಮತ್ತು ಆರ್‌ಸಿ-5 ಗೆಳೆಯರಿಂದ ತಂದು ತಿಂಗಳುಗಟ್ಟಲೆ ಇಟ್ಟುಕೊಂಡವು.

ಕೊಳ್ಳುವವರು ಮೊದಲು ಕೇಳುವುದು ಎಷ್ಟು ನಿಮಿಷ ರೆಕಾರ್ಡ್ ಆಗುತ್ತದೆ ಎಂದು. ಡಿಟ್ಟೊದಲ್ಲಿ 5 ನಿಮಿಷ, ಆರ್‌ಸಿ-1ರಲ್ಲಿ 12 ನಿಮಿಷ, ಆರ್‌ಸಿ-5ರಲ್ಲಿ ಸುಮಾರು 13 ಗಂಟೆ. ಈ ಅಂಕಿಗಳನ್ನು ನೋಡಿ ತೀರ್ಮಾನಿಸಬೇಡಿ. ನಿಮಿಷಕ್ಕೆ 80 ಮಾತ್ರೆಯ (ತಾಳದ ಎಣಿಕೆಯ) ಲಯದಲ್ಲಿ ಕೆಹರ್ವಾ ತಾಳದ ಒಂದು ಆವರ್ತನ, ಅಂದರೆ 8 ಮಾತ್ರೆ, 6 ಸೆಕೆಂಡಿನಲ್ಲಿ ಮುಗಿಯುತ್ತದೆ. 5 ನಿಮಿಷದಲ್ಲಿ 50 ಆವರ್ತನ ಹಿಡಿಸುತ್ತವೆ. ಪಲ್ಲವಿಯ ಕಾರ್ಡ್ಸ್‌ಗೆ ನನಗೆ ನಾಲ್ಕಕ್ಕಿಂತ ಹೆಚ್ಚು ಎಂದೂ ಬೇಕಾಗಿಲ್ಲ.

ಡಿಟ್ಟೊ ಅಂಗೈಗಿಂತ ಚಿಕ್ಕದು. ಒಂದು ಗುಂಡಿ, ಒಂದು ಕಾಲುಸ್ವಿಚ್ಚು, ಒಂದು ದೀಪ, ಅಷ್ಟೇ. ಮೇಲಿನ ಗುಂಡಿ ಲೂಪಿನ ಸದ್ದನ್ನು ಮಾತ್ರ ಏರಿಳಿಸುತ್ತದೆ, ನಿಮ್ಮ ನೇರ ಗಿಟಾರ್ ಧ್ವನಿಯನ್ನು ಮುಟ್ಟುವುದಿಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ನಾನು ಲೂಪ್ ಕಲಿತದ್ದೇ ಇದರಲ್ಲಿ, ಮೊದಲ ತಪ್ಪು ತಿದ್ದಿಕೊಂಡದ್ದೂ ಇದರಲ್ಲೇ. ಎಂಟನೇ ಮಾತ್ರೆ ಬಂದ ಕೂಡಲೇ ತುಳಿಯುತ್ತಿದ್ದೆ. ಲೂಪ್ ಏಳು ಮಾತ್ರೆಗೇ ಮುಗಿದು, ಪ್ರತಿ ಸುತ್ತಿನಲ್ಲೂ ಎಡವಿದಂತೆ ಕೇಳುತ್ತಿತ್ತು. ಎರಡನೇ ಸಲ ತುಳಿಯಬೇಕಾದದ್ದು ಎಂಟರ ಮೇಲಲ್ಲ, ಮುಂದಿನ ಒಂದರ ಮೇಲೆ, ಅಂದರೆ ಸಮದ ಮೇಲೆ. ಬಾಯಲ್ಲಿ ಎಣಿಸುತ್ತಾ "ಏಳು, ಎಂಟು, ಒಂದು" ಎಂದಾಗ ಆ "ಒಂದು" ಕಾಲಿನಿಂದ ಬರಬೇಕು. ಈ ಮಾತು ಮೂರೂ ಪೆಡಲ್‌ಗಳಿಗೆ ಅನ್ವಯಿಸುತ್ತದೆ. ಇನ್ನೊಂದು: ಲೂಪಿನ ಉದ್ದ ಮೊದಲ ಪದರದಲ್ಲೇ ನಿಶ್ಚಯವಾಗುತ್ತದೆ. ಒಂದು ಆವರ್ತನ ರೆಕಾರ್ಡ್ ಮಾಡಿ, ಮೇಲೆ ಎರಡು ಆವರ್ತನದ ಸ್ವರಸಾಲು ಹಾಕಲು ಹೋದರೆ ಅದರ ದ್ವಿತೀಯಾರ್ಧ ಪ್ರಥಮಾರ್ಧದ ಮೇಲೆಯೇ ಬಂದು ಕೂರುತ್ತದೆ. ಮೊದಲೇ ನಾಲ್ಕು ಆವರ್ತನ ಹಿಡಿದುಬಿಡಿ.

ಡಿಟ್ಟೊ ನನ್ನ ಕೈಬಿಟ್ಟದ್ದು ನಿಲ್ಲಿಸುವಲ್ಲಿ. ಅದನ್ನು ನಿಲ್ಲಿಸಲು ಬೇಗ ಬೇಗ ಎರಡು ಸಲ ತುಳಿಯಬೇಕು. ಲೂಪ್ ನಿಲ್ಲುವುದು ಎರಡನೇ ತುಳಿತಕ್ಕೆ. ಅಂದರೆ ಹಾಡು ಸಮಕ್ಕೆ ಮುಗಿಯಬೇಕಾದರೆ ಮೊದಲ ತುಳಿತ ಅರ್ಧ ಮಾತ್ರೆ ಮುಂಚೆ ಬೀಳಬೇಕು. ಮೇಲೆ ಹೇಳಿದ ಲಯದಲ್ಲಿ ಅದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಕೊನೆಯ ಸಾಲನ್ನು ಎಳೆದು ಹಾಡುತ್ತಾ, ಕೇಳುವವರ ಮುಖ ನೋಡುತ್ತಾ ಈ ಲೆಕ್ಕ ಇಡುವುದು ನನ್ನಿಂದ ಆಗಲಿಲ್ಲ. ಮನೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ಸರಿ ಬರುತ್ತಿದ್ದದ್ದು ವೇದಿಕೆಯಲ್ಲಿ ಬರಲಿಲ್ಲ. ಒಂದು ಕಾರ್ಯಕ್ರಮದಲ್ಲಿ ಹಾಡು ಮುಗಿದ ಮೇಲೂ ಗಿಟಾರ್ ಒಂದೂವರೆ ಮಾತ್ರೆ ಮುಂದೆ ಹೋಯಿತು. ಸಭೆಯಲ್ಲಿದ್ದ ಹಿರಿಯ ತಬಲಾದವರೊಬ್ಬರು ಆಮೇಲೆ ಹತ್ತಿರ ಬಂದು, "ಎಂತ ಮಾರಾಯ, ಹಾಡು ಒಳ್ಳೆದಿತ್ತು, ಸಮ ಎಲ್ಲಿ ಹೋಯ್ತು?" ಎಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆರ್‌ಸಿ-1ರಲ್ಲೂ ಬರೀ ಅದರದೇ ಸ್ವಿಚ್ಚು ಬಳಸಿದರೆ ಎರಡು ಸಲ ತುಳಿಯುವ ಪಾಡು ತಪ್ಪದು. ಆದರೆ ಅದಕ್ಕೆ ಹೊರಗಿನಿಂದ ಇನ್ನೊಂದು ಕಾಲುಸ್ವಿಚ್ಚು ಸೇರಿಸುವ ಜ್ಯಾಕ್ ಇದೆ. ಬಾಸ್‌ನದೇ ಎಫ್‌ಎಸ್-5ಯು ಹಾಕಿಕೊಂಡೆ. ಈಗ ಬಲಗಾಲಿಗೆ ಶುರು, ಎಡಗಾಲಿಗೆ ನಿಲುಗಡೆ. ಒಂದೇ ತುಳಿತ, ಸಮದ ಮೇಲೆಯೇ. ಕೊಳ್ಳುವಾಗ ಎಫ್‌ಎಸ್-5ಎಲ್ ತಂದುಬಿಡಬೇಡಿ. ನೋಡಲು ಒಂದೇ ತರಹ ಇದ್ದರೂ ಅದು ಒತ್ತಿದರೆ ಹಾಗೇ ನಿಲ್ಲುವ ಬಗೆ. ಇಲ್ಲಿ ಬೇಕಾದದ್ದು ಕಾಲೆತ್ತಿದಾಗ ಬಿಟ್ಟುಕೊಳ್ಳುವ ಸ್ವಿಚ್ಚು.

ಆರ್‌ಸಿ-1ರ ಮುಖದ ಮೇಲೆ ದೀಪಗಳ ವರ್ತುಲವೊಂದಿದೆ. ಲೂಪ್ ಎಷ್ಟು ಸುತ್ತಿದೆ, ಸಮಕ್ಕೆ ಇನ್ನೆಷ್ಟು ದೂರ ಎಂಬುದು ಗಡಿಯಾರದ ಮುಳ್ಳಿನಂತೆ ಕಾಣುತ್ತದೆ. ಡಿಟ್ಟೊದ ಒಂಟಿ ದೀಪ ರೆಕಾರ್ಡ್ ಆಗುತ್ತಿದೆಯೋ ನುಡಿಯುತ್ತಿದೆಯೋ ಎಂದು ಹೇಳೀತು, ನಾವು ಎಲ್ಲಿದ್ದೇವೆ ಎಂದು ಹೇಳದು. ಏಳು ಮಾತ್ರೆಯ ರೂಪಕ ತಾಳದಲ್ಲಿ ಹಾಡುವಾಗ ಈ ವರ್ತುಲ ನನಗೆ ದೊಡ್ಡ ಆಸರೆ. ಪೆಡಲ್‌ಗೆ ತಾಳ ಗೊತ್ತಿಲ್ಲ, ಏಳಾದರೂ ಹದಿನಾಲ್ಕಾದರೂ ಅದಕ್ಕೆ ಒಂದೇ. ಲೆಕ್ಕ ನಮ್ಮ ತಲೆಯಲ್ಲಿ, ಉದ್ದ ನಮ್ಮ ಕಾಲಲ್ಲಿ.

ಆರ್‌ಸಿ-5ರ ಶಕ್ತಿ ಬೇರೆ ಬಗೆಯದು. 99 ಲೂಪ್‌ಗಳನ್ನು ಉಳಿಸಿಡಬಹುದು, ಚಿಕ್ಕ ಪರದೆ ಇದೆ, 57 ಬಗೆಯ ಡ್ರಮ್ ನಡೆಗಳಿವೆ. ಆ ಡ್ರಮ್ ನಡೆಗಳು ನನಗೆ ದಕ್ಕಲಿಲ್ಲ. ಪಾಪ್, ರಾಕ್ ನುಡಿಸುವವರಿಗೆ ಚೆನ್ನ, ಕೆಹರ್ವಾದ ಒನಪು ಅವುಗಳಲ್ಲಿಲ್ಲ. ಆದರೆ ಯುಎಸ್‌ಬಿ ಮೂಲಕ ಕಂಪ್ಯೂಟರಿನಿಂದ ಧ್ವನಿ ಕಡತಗಳನ್ನು ಒಳಗೆ ಹಾಕಬಹುದೆಂಬುದು ದೊಡ್ಡ ಸಂಗತಿ. ಬಿಡುವಿದ್ದ ಒಂದು ಭಾನುವಾರ ತಬಲಾ ಗೆಳೆಯನನ್ನು ಮನೆಗೆ ಕರೆದು ಕೆಹರ್ವಾ, ದಾದ್ರಾ, ರೂಪಕ ಮೂರನ್ನೂ ನುಡಿಸಿ ರೆಕಾರ್ಡ್ ಮಾಡಿಟ್ಟೆವು. ಅದರ ಮೇಲೆ ಗಿಟಾರ್ ಹಿಡಿದರೆ ಮನೆ ತುಂಬುತ್ತದೆ. ದಿನದ ರಿಯಾಜಿಗೆ ಇದಕ್ಕೆ ಸಾಟಿಯಿಲ್ಲ.

ವೇದಿಕೆಗೆ ಮಾತ್ರ ಅದನ್ನು ಒಯ್ಯುವುದು ಬಿಟ್ಟೆ. ಹಾಡಿನಿಂದ ಹಾಡಿಗೆ ಬೇಕಾದ ತಾಳ ಹುಡುಕಲು ಬಗ್ಗಿ ಗುಂಡಿ ತಿರುಗಿಸಬೇಕು, ಅಷ್ಟರಲ್ಲಿ ಕೇಳುವವರ ಗಮನ ಚದುರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಭಾವಗೀತೆಯಲ್ಲಿ ಒಂದು ಪದದ ಮೇಲೆ ಅರೆಗಳಿಗೆ ನಿಲ್ಲಬೇಕೆನಿಸುತ್ತದೆ. ಜೊತೆಗಿರುವ ತಬಲಾದವನು ಕಾಯುತ್ತಾನೆ, ರೆಕಾರ್ಡ್ ಆದ ತಬಲಾ ಕಾಯುವುದಿಲ್ಲ. ಆರ್‌ಸಿ-1ರಲ್ಲಿ ಪಲ್ಲವಿಗೆ ಮಾತ್ರ ಲೂಪ್ ಬಿಟ್ಟು, ಚರಣಕ್ಕೆ ಎಡಗಾಲಿನಿಂದ ನಿಲ್ಲಿಸಿ, ಬರೀ ಕೈಯಲ್ಲಿ ನುಡಿಸುತ್ತಾ ಬೇಕಾದಷ್ಟು ಉಸಿರಾಡಿ, ಮತ್ತೆ ಪಲ್ಲವಿಗೆ ಲೂಪ್ ಎತ್ತಿಕೊಳ್ಳುತ್ತೇನೆ. ತಾಳಕ್ಕೆ ಗಿಟಾರಿನ ಒಡಲನ್ನೇ ಬೆರಳಿನಿಂದ ಬಡಿದು ಮೊದಲ ಪದರ ಹಾಕಿದರೆ ಸಾಕು. ಅಕೂಸ್ಟಿಕ್ ಗಿಟಾರಿನ ಪಿಕಪ್ ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಕರೆಂಟಿನ ಮಾತೂ ಹೇಳಬೇಕು. ಡಿಟ್ಟೊಗೆ ಬ್ಯಾಟರಿ ಹಾಕುವ ಜಾಗವೇ ಇಲ್ಲ, 9 ವೋಲ್ಟಿನ ಅಡಾಪ್ಟರ್ ಬೇಕೇ ಬೇಕು. ಬಾಸ್‌ನ ಎರಡರಲ್ಲೂ 9 ವೋಲ್ಟ್ ಬ್ಯಾಟರಿ ಕೂರುತ್ತದೆ. ಸೊಸೈಟಿಯ ಅಂಗಳದಲ್ಲಿ, ಪ್ಲಗ್ ಪಾಯಿಂಟ್ ಮೂವತ್ತು ಅಡಿ ದೂರ ಇರುವ ಕಡೆ ಹಾಡುವವರಿಗೆ ಇದು ಸಣ್ಣ ಮಾತಲ್ಲ. ನನ್ನ ಧ್ವನಿಯನ್ನೂ ಲೂಪ್ ಮಾಡಬೇಕು ಎನ್ನುವವರಿಗೆ ಈ ಮೂರೂ ಆಗವು, ಇವುಗಳಲ್ಲಿ ಮೈಕ್ ಸೇರಿಸುವ ಜಾಗವಿಲ್ಲ.

ಗೆಳೆಯನ ಆರ್‌ಸಿ-1 ಹಿಂದಿರುಗಿಸಿ ನನ್ನದೇ ಒಂದು ಕೊಂಡಿದ್ದೇನೆ. ಡಿಟ್ಟೊ ಈಗ ಅಕ್ಕನ ಮಗಳ ಬಳಿ ಇದೆ. ಅವಳು ಈ ವಾರ ಎಂಟರ ಮೇಲೆ ತುಳಿಯುವುದನ್ನು ಬಿಟ್ಟಳು.