ಹಳೇ ಕಂಪ್ಯೂಟರ್‌ಗೆ ಶಾಟ್‌ಕಟ್
ತುಮಕೂರಿನ ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಯ ಫುಲ್ ಎಚ್‌ಡಿ ವಿಡಿಯೋವನ್ನು ಇದರಲ್ಲೇ ಎಡಿಟ್ ಮಾಡಬೇಕಿತ್ತು. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಬಣ್ಣ ತಿದ್ದೋದಕ್ಕೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದಕ್ಕೆ 16 ಜಿಬಿ ರ‍್ಯಾಮ್, ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ನಮ್ಮ ಯಂತ್ರಕ್ಕೆ ಆಗದ ಮಾತು.

ಹಾಗಾಗಿ ಶಾಟ್‌ಕಟ್ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಪೂರ್ತಿ ಉಚಿತ, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ವಿಡಿಯೋ ಮೇಲೆ ವಾಟರ್‌ಮಾರ್ಕ್ ಮುದ್ರೆಯ ಕಾಟವಿಲ್ಲ. ನನಗೆ ಹಿಡಿಸಿದ್ದು ಪ್ರಾಕ್ಸಿ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಪ್ರತಿ ಕ್ಲಿಪ್‌ಗೂ ಕಡಿಮೆ ರೆಸಲ್ಯೂಶನ್‌ನ ನಕಲು ತಯಾರಾಗುತ್ತದೆ. ಕತ್ತರಿಸೋದು, ಜೋಡಿಸೋದು ಎಲ್ಲಾ ನಕಲಿನ ಮೇಲೆ. ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲನ್ನೇ ಬಳಸುತ್ತದೆ. ಹಳ್ಳಿಕಾರ್ ಎತ್ತುಗಳ ಕೊಂಬಿನ ಕುಚ್ಚು ಕೂಡ ಸ್ಪಷ್ಟವಾಗಿ ಬಂತು, ಅಷ್ಟು ಸಾಕಲ್ವಾ?

ನಕಲು ತಯಾರಾಗೋದಕ್ಕೆ ಸಮಯ ಹಿಡಿಯುತ್ತದೆ, ಡಿಸ್ಕ್‌ನಲ್ಲಿ ಜಾಗವೂ ಜಾಸ್ತಿ ಬೇಕು. ಶಾಟ್‌ಕಟ್ ನೋಡೋದಕ್ಕೂ ಸ್ವಲ್ಪ ಸಪ್ಪೆ. ಮದುವೆ ವಿಡಿಯೋ ಮಾಡಿ ಸಂಪಾದಿಸುವವರಿಗೆ ಇದು ಸಾಲದೇನೋ.

ಇನ್ನೊಂದು ವಿಷಯ. ಮೊಬೈಲ್ ವಿಡಿಯೋದ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು, ಸಾಮಾನ್ಯವಾಗಿ ಒಂದೇ ಸಮ ಇರುವುದಿಲ್ಲ. ಶಾಟ್‌ಕಟ್ ಅದನ್ನು ಗುರುತಿಸಿ, ಎಡಿಟಿಂಗ್‌ಗೆ ಹೊಂದುವಂತೆ ಬದಲಿಸಲೇ ಎಂದು ಕೇಳುತ್ತದೆ. ಸುಮ್ನೆ ಹೂಂ ಅನ್ನಿ.