ಬೆಳಗಾವಿ ಸವಾರರಿಗೆ: ಮೀಟಿಯರ್ 350 ಸಾಕೋ, ಹಿಮಾಲಯನ್ 450 ಬೇಕೋ?

ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೂ ವಿಜಯಪುರ ದಾಟಿ ಸೊಲ್ಲಾಪುರದ ಕಡೆ ಹೋಗುವವರಿಗೂ ಒಂದೇ ಬೈಕ್ ಹೊಂದುವುದಿಲ್ಲ. ಮೀಟಿಯರ್, ಹಿಮಾಲಯನ್ ಎರಡೂ ರಾಯಲ್ ಎನ್‌ಫೀಲ್ಡ್ ಬೈಕ್‌ಗಳೇ.

ಮೀಟಿಯರ್ ಸೀಟಿನ ಎತ್ತರ 765 ಮಿ.ಮೀ. ಎತ್ತರ ಕಡಿಮೆ ಇದ್ದವರ ಎರಡೂ ಪಾದ ನೆಲಕ್ಕೆ ಊರುತ್ತವೆ. ಗಂಟೆಗೆ 80-90 ಕಿ.ಮೀ. ವೇಗದಲ್ಲಿ ದಿನವಿಡೀ ಆರಾಮ. ಅದರಾಚೆ ಎಂಜಿನ್‌ನ 20 ಬಿಎಚ್‌ಪಿ ಶಕ್ತಿ ಸಾಲದು, ಲಾರಿಯನ್ನು ಹಿಂದೆ ಹಾಕಲು ಕಾಯಬೇಕು. ಹಿಮಾಲಯನ್‌ಗೆ 40 ಪಿಎಸ್ ಶಕ್ತಿ (ಪಿಎಸ್, ಬಿಎಚ್‌ಪಿ ಹೆಚ್ಚುಕಡಿಮೆ ಒಂದೇ), ಆರು ಗೇರ್, 17 ಲೀಟರ್ ಟ್ಯಾಂಕ್, ಮುಂದೆ 21 ಇಂಚಿನ ಚಕ್ರ. ರಸ್ತೆಯ ಗುಂಡಿಗಳಿಗೆ ಅದೇ ಸರಿ. ಆದರೆ ತೂಕ 196 ಕೆಜಿ, ಸೀಟು 825 ಮಿ.ಮೀ. ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನ ತಿರುಗುವಾಗ, ಎಳೆತ ಮಂದ, ಘಾಟಿನ ತಿರುವಿನಲ್ಲಿ ಒಂದು ಗೇರ್ ಇಳಿಸಲೇಬೇಕು. ಟ್ಯೂಬ್‌ಲೆಸ್ ಸ್ಪೋಕ್ ಚಕ್ರವನ್ನೇ ಕೇಳಿ ತೆಗೆದುಕೊಳ್ಳಿ. ಟ್ಯೂಬ್ ಇದ್ದರೆ ಪಂಕ್ಚರ್‌ಗೆ ಚಕ್ರ ಬಿಚ್ಚದೆ ಗತಿಯಿಲ್ಲ.

ಹೊಸ ಗಾಡಿಯ ಮೊದಲ 500 ಕಿ.ಮೀ. ಒಂದೇ ವೇಗ ಹಿಡಿದು ಓಡಿಸಬೇಡಿ. ವೇಗ ಏರಿಳಿಸಿದರೆ ಪಿಸ್ಟನ್ ರಿಂಗ್ ಸಿಲಿಂಡರ್‌ಗೆ ಸರಿಯಾಗಿ ಕೂರುತ್ತದೆ. ಟಾಪ್ ಗೇರ್‌ನಲ್ಲಿ ಎಂಜಿನ್ ಗುದ್ದುವಂತೆ ಎಳೆಸುವುದೂ ತಪ್ಪು. ಮೊದಲ ಸರ್ವೀಸ್‌ನಲ್ಲಿ ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಾಯಿತೇ ಎಂದು ನಿಂತು ನೋಡಿ; ಹೊಸ ಎಂಜಿನ್‌ನ ಲೋಹದ ಪುಡಿ ಅದರಲ್ಲೇ ಸಿಕ್ಕಿರುತ್ತದೆ.

ಮಳೆಗಾಲದಲ್ಲಿ ಘಾಟಿನ ಕೆಂಪು ರಾಡಿ ಚೈನಿನ ಲ್ಯೂಬ್‌ಗೆ (ಜಾರುವ ಎಣ್ಣೆಗೆ) ಅಂಟಿ, ಮರಳುಕಾಗದದಂತೆ ಚೈನಿನ ರೋಲರ್ ತಿನ್ನುತ್ತದೆ. ಸೀಮೆಎಣ್ಣೆ, ಮೆತ್ತನೆ ಬ್ರಷ್‌ನಿಂದ ತೊಳೆದು, ಒರೆಸಿ, ಲ್ಯೂಬ್ ಹಚ್ಚಿ. ಪೆಟ್ರೋಲ್ ಬೇಡ, ಚೈನಿನ ರಬ್ಬರ್ ಸೀಲ್ ಹಾಳಾಗುತ್ತದೆ.