ಹತ್ತು ಗಂಟೆಯ ಟಿಡಬ್ಲ್ಯೂಐ ತರಬೇತಿ: ಕೊಟ್ಟ ಕಾಸಿಗೆ ಮೋಸವಿಲ್ಲ, ಆದರೆ…

ಮೈಸೂರು ಸುತ್ತಿನ ಹೂಟಗಳ್ಳಿ, ಹೆಬ್ಬಾಳು, ಕೂರ್ಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ‘ಲೀಡರ್‌ಶಿಪ್’ ಹೆಸರಿನಲ್ಲಿ ಬರುವ ತರಬೇತಿಗಳಲ್ಲಿ ಎರಡು ಜಾತಿ. ಒಂದು, ಹೋಟೆಲ್ ಹಾಲ್‌ನಲ್ಲಿ ಎರಡು ದಿನ ಪಿಪಿಟಿ, ಒಂದಷ್ಟು ಆಟ, ಬಫೆ ಊಟ, ಕೊನೆಗೆ ಸರ್ಟಿಫಿಕೇಟ್ ಹಿಡಿದು ಗ್ರೂಪ್ ಫೋಟೊ. ಇನ್ನೊಂದು ಟಿಡಬ್ಲ್ಯೂಐ, ಅಂದರೆ ಟ್ರೇನಿಂಗ್ ವಿದಿನ್ ಇಂಡಸ್ಟ್ರಿ. ಇದು ಶಾಪ್‌ಫ್ಲೋರ್ ಪಕ್ಕದ ಕೋಣೆಯಲ್ಲೇ ನಡೆಯುತ್ತದೆ: ದಿನಕ್ಕೆ ಎರಡು ಗಂಟೆ, ಐದು ದಿನ, ಒಂದು ಬ್ಯಾಚ್‌ಗೆ ಹತ್ತೇ ಜನ. ಇಲ್ಲಿ ತೂಗುತ್ತಿರುವುದು ಈ ಎರಡನೆಯದನ್ನು.

1940ರಲ್ಲಿ ಯುದ್ಧದ ಉತ್ಪಾದನೆಗಾಗಿ ಅಮೆರಿಕ ಸರ್ಕಾರ ಕಟ್ಟಿ, 1945ರಲ್ಲಿ ಕೈಬಿಟ್ಟ ಕಾರ್ಯಕ್ರಮ ಇದು. ಆಮೇಲೆ ಜಪಾನಿಗೆ ಹೋಗಿ ಟೊಯೊಟಾದಲ್ಲಿ ಬೇರುಬಿಟ್ಟಿತು. ಮೂಲ ಕೈಪಿಡಿಗಳು ಸರ್ಕಾರಿ ಪ್ರಕಟಣೆಗಳು, ಪುಕ್ಕಟೆಯಾಗಿಯೇ ಸಿಗುತ್ತವೆ. ಹಾಗಾಗಿ ನೀವು ದುಡ್ಡು ಕೊಡುವುದು ಪುಸ್ತಕಕ್ಕಲ್ಲ, ಅದನ್ನು ನಡೆಸುವ ಟ್ರೇನರ್‌ಗೆ. ಬಣ್ಣದ ಫೈಲ್ ತೋರಿಸಿ ರೇಟ್ ಏರಿಸುವವರಿದ್ದಾರೆ, ಅದಕ್ಕೆ ಈ ಮಾತು.

ಇದರಲ್ಲಿ ಮೂರು ಭಾಗ, ಒಂದೊಂದಕ್ಕೂ ಇದೇ ಹತ್ತು ಗಂಟೆ. ಮೊದಲನೆಯದು ಜಾಬ್ ಇನ್‌ಸ್ಟ್ರಕ್ಷನ್, ಕೆಲಸ ಕಲಿಸುವ ವಿಧಾನ. ಮೊದಲ ದಿನ ಟ್ರೇನರ್ ಎಲೆಕ್ಟ್ರಿಷಿಯನ್‌ಗಳ ವೈರ್ ಗಂಟೊಂದನ್ನು ಬರೀ ಬಾಯಲ್ಲಿ ಹೇಳಿಕೊಡುತ್ತಾರೆ, ಯಾರಿಗೂ ಬರುವುದಿಲ್ಲ. ಆಮೇಲೆ ಮಾತಿಲ್ಲದೆ ಬರೀ ಮಾಡಿ ತೋರಿಸುತ್ತಾರೆ; ಆಗಲೂ ಬರುವುದಿಲ್ಲ. ಕೊನೆಗೆ ನಾಲ್ಕು ಹೆಜ್ಜೆಯಲ್ಲಿ ಕಲಿಸುತ್ತಾರೆ: ಕಲಿಯುವವರನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೂ ಗಮನವಿಡು. ಉಳಿದ ದಿನಗಳಲ್ಲಿ ಹತ್ತು ಜನರೂ ಒಬ್ಬೊಬ್ಬರಾಗಿ ತಮ್ಮ ಲೈನಿನದೇ ಒಂದು ಕೆಲಸ ತಂದು ಕಲಿಸಿ ತೋರಿಸಬೇಕು.

ಅದಕ್ಕೆ ಮೊದಲು ಬ್ರೇಕ್‌ಡೌನ್ ಶೀಟ್, ಅಂದರೆ ಕೆಲಸವನ್ನು ಹೆಜ್ಜೆ, ಮುಖ್ಯಾಂಶ, ಕಾರಣ ಎಂದು ಬಿಡಿಸಿಟ್ಟ ಹಾಳೆ ಬರೆಯಬೇಕು. ಎಲೆಕ್ಟ್ರಾನಿಕ್ ಬೋರ್ಡ್ ಲೈನಿನ ಸೋಲ್ಡರಿಂಗನ್ನೇ ತೆಗೆದುಕೊಳ್ಳಿ. ಬಿಸಿ ಐರನ್ನಿನ ತುದಿ ಒರೆಸು, ತುದಿಯನ್ನು ಪ್ಯಾಡ್‌ಗೂ (ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆ) ಕಾಂಪೊನೆಂಟಿನ ಕಾಲಿಗೂ ಒಟ್ಟಿಗೆ ತಾಗಿಸು, ಎದುರು ಬದಿಯಿಂದ ಸೋಲ್ಡರ್ ತಂತಿ ಕೊಡು, ಮೊದಲು ತಂತಿ ತೆಗೆ, ಆಮೇಲೆ ಐರನ್ ತೆಗೆ. ಇವು ಹೆಜ್ಜೆಗಳು. ಪಕ್ಕದ ಕಾಲಂನಲ್ಲಿ ಮುಖ್ಯಾಂಶ: ತಂತಿ ತಾಗಬೇಕಾದ್ದು ಕಾಲಿಗೆ, ಐರನ್‌ಗಲ್ಲ, ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಅದರಾಚೆ ಕಾರಣ: ಐರನ್ ಮೇಲೆ ಕರಗಿಸಿ ಹಚ್ಚಿದರೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಮೊದಲೇ ಸುಟ್ಟುಹೋಗಿ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗುತ್ತದೆ, ಹೆಚ್ಚು ಹೊತ್ತು ಹಿಡಿದರೆ ಪ್ಯಾಡ್ ಏಳುತ್ತದೆ.

ಈ ತರಬೇತಿಯ ನಿಜವಾದ ಬೆಲೆ ಇರುವುದು ಈ ಶೀಟಿನಲ್ಲಿ. ಲೈನಿನಲ್ಲಿ ಎಲ್ಲರಿಗಿಂತ ಬೇಗ ಕೆಲಸ ಮುಗಿಸುವ ಆಪರೇಟರ್‌ಗೆ ‘ಕಾರಣ’ದ ಕಾಲಂ ತುಂಬಲು ಆಗದಿರುವುದು ಸಾಮಾನ್ಯ. ಕೈಗೆ ಗೊತ್ತು, ಬಾಯಿಗೆ ಬರುವುದಿಲ್ಲ. ಮೂಲೆಯಲ್ಲಿ ತೆಪ್ಪಗೆ ಕೂತಿದ್ದ ಇನ್ನೊಬ್ಬರು ಆರು ಸಾಲು ಬರೆದಿರುತ್ತಾರೆ. ಹೊಸಬ ಎಡವಿದರೆ ಗದರುವುದಿಲ್ಲ, ಆ ಹೆಜ್ಜೆಗೇ ವಾಪಸ್ ಕರೆದುಕೊಂಡು ಹೋಗುತ್ತಾರೆ. ಮುಂದಿನ ಲೈನ್ ಲೀಡರ್ ಯಾರೆಂಬುದಕ್ಕೆ ಇಂಟರ್‌ವ್ಯೂಗಿಂತ ಇದು ಗಟ್ಟಿ ಸಾಕ್ಷಿ. ಸರ್ವೀಸು, ಉತ್ಪಾದನೆ ಅಂಕಿ ಎರಡನ್ನೇ ನೋಡಿ ಬಡ್ತಿ ಕೊಟ್ಟರೆ ಒಳ್ಳೆಯ ಕೆಲಸಗಾರನೂ ಹೋದ, ಸೂಪರ್‌ವೈಸರೂ ಸಿಗಲಿಲ್ಲ ಎಂಬಂತಾಗುತ್ತದೆ.

ಜೊತೆಗೆ ಬರುವ ಟೈಮ್‌ಟೇಬಲ್ ಹಾಳೆಯೂ ಹಾಗೆಯೇ ಉಪಯುಕ್ತ. ಮೇಲೆ ಹೆಸರುಗಳು, ಎಡಕ್ಕೆ ಕೆಲಸಗಳು. ಬಲ್ಲವರಿಗೆ ಟಿಕ್, ಕಲಿಯಬೇಕಾದವರಿಗೆ ತಾರೀಖು. ಒಂದೇ ಟಿಕ್ ಇರುವ ಸಾಲು ಕಂಡರೆ, ಆ ಒಬ್ಬರು ಊರಹಬ್ಬಕ್ಕೆ ಪಾಂಡವಪುರಕ್ಕೆ ಹೋದ ದಿನ ಲೈನ್ ನಿಲ್ಲುತ್ತದೆ ಎಂದೇ ಅರ್ಥ. ಕಾಂಟ್ರ್ಯಾಕ್ಟ್ ಕೆಲಸಗಾರರನ್ನೂ ಅಪ್ರೆಂಟಿಸ್‌ಗಳನ್ನೂ ಈ ಹಾಳೆಯಿಂದ ಬಿಡುವ ರೂಢಿಯಿದೆ, ಅದು ದೊಡ್ಡ ನಷ್ಟ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಹೇಗೂ ಕಾನೂನಿನಂತೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ತೆಗೆದುಕೊಂಡ ಮೇಲೆ ಅವರಲ್ಲಿ ಯಾರಿಗೆ ಏನು ಬರುತ್ತದೆಂದು ಬರೆದಿಡಲು ಯಾಕೆ ಜಿಪುಣತನ?

ಎರಡನೆಯ ಭಾಗ ಜಾಬ್ ರಿಲೇಷನ್ಸ್, ಕೆಲಸಗಾರರೊಂದಿಗೆ ನಡೆದುಕೊಳ್ಳುವ ವಿಧಾನ. ಸಂಗತಿ ತಿಳಿ, ತೂಗಿ ತೀರ್ಮಾನಿಸು, ಕ್ರಮ ಕೈಗೊಳ್ಳು, ಫಲ ನೋಡು. ಚೌಕಟ್ಟು ಚೆನ್ನಾಗಿದೆ. ‘ಬಳಕೆಯಾಗದೆ ಉಳಿದ ಸಾಮರ್ಥ್ಯವನ್ನು ಹುಡುಕು’ ಎನ್ನುವುದು ಇದರ ಮೂಲ ನಿಯಮಗಳಲ್ಲೇ ಸೇರಿದೆ. ಆದರೆ ಉದಾಹರಣೆಗಳು ಹಳೆಯ ಅಮೆರಿಕನ್ ಕಾರ್ಖಾನೆಗಳವು. ಡಿಪ್ಲೊಮಾ ಮುಗಿಸಿ ಬಂದ 24ರ ಹುಡುಗ ತನ್ನಪ್ಪನ ವಯಸ್ಸಿನ ಆಪರೇಟರ್‌ಗೆ ‘ಏನ್ರೀ’ ಅಂದರೆ ಏನಾಗುತ್ತದೆ, ‘ಅಣ್ಣಾ’ ಅಂದರೆ ಏನಾಗುತ್ತದೆ, ಒಂದೇ ಊರಿನ ನಾಲ್ವರು ಒಂದೇ ಶಿಫ್ಟ್‌ನಲ್ಲಿದ್ದರೆ ಗದರಿಕೆ ಎಲ್ಲಿಯವರೆಗೆ ತಲುಪುತ್ತದೆ, ಇವಕ್ಕೆ ಅಲ್ಲಿ ಉತ್ತರವಿಲ್ಲ. ಟ್ರೇನರ್ ಕನ್ನಡದಲ್ಲೇ, ಇಲ್ಲಿನ ಪ್ರಸಂಗಗಳನ್ನಿಟ್ಟುಕೊಂಡು ನಡೆಸಿದರೆ ಮಾತ್ರ ಕೊಳ್ಳಿ. ಇನ್ನೊಂದು: ಪ್ರತಿಯೊಬ್ಬರೂ ತಮ್ಮ ಲೈನಿನ ನಿಜವಾದ ತಕರಾರೊಂದನ್ನು ತರಬೇಕು. ಹಿಂದಿನ ಕುರ್ಚಿಯಲ್ಲಿ ಎಚ್‌ಆರ್ ಮ್ಯಾನೇಜರ್ ಬಂದು ಕೂತರೆ ಯಾರೂ ಬಾಯಿ ಬಿಡುವುದಿಲ್ಲ.

ಮೂರನೆಯದು ಜಾಬ್ ಮೆಥಡ್ಸ್, ಕೆಲಸದ ಕ್ರಮ ಸುಧಾರಿಸುವುದು. ಕೈಜೆನ್ (ಸಣ್ಣ ಸಣ್ಣ ಸುಧಾರಣೆಗಳ ಜಪಾನಿ ಪದ್ಧತಿ) ಆಗಲೇ ನಡೆಯುತ್ತಿರುವ ಕಡೆ ಇದರ ಅಗತ್ಯ ಕಡಿಮೆ. ಮೊದಲು ಇದನ್ನೇ ಶುರು ಮಾಡಿದರಂತೂ ‘ಜನ ಕಡಿಮೆ ಮಾಡೋಕೆ ಬಂದವ್ರೆ’ ಎಂಬ ಮಾತು ಟೀ ಹೊತ್ತಿಗೇ ಕ್ಯಾಂಟೀನ್ ತುಂಬಿರುತ್ತದೆ.

ಎಡವುವುದು ಹೆಚ್ಚಾಗಿ ಕೊಳ್ಳುವವರ ಕಡೆಯಿಂದ. ಐದು ದಿನ ಬಿಡಲಾಗದು, ಒಂದೇ ದಿನದಲ್ಲಿ ಮುಗಿಸಿ ಎನ್ನುತ್ತಾರೆ. ಎರಡು ಅವಧಿಗಳ ನಡುವೆ ಲೈನಿಗೆ ಹೋಗಿ ಶೀಟ್ ಬರೆದು ತರುವುದೇ ಪಾಠ. ಅದು ಹೋದರೆ ಉಳಿಯುವುದು ಭಾಷಣ. ಹತ್ತರ ಬದಲು 40 ಜನರನ್ನು ಕೂರಿಸಿದರೆ 30 ಮಂದಿಗೆ ಕಲಿಸಿ ತೋರಿಸುವ ಸರದಿಯೇ ಬರುವುದಿಲ್ಲ. ಶಿಫ್ಟ್ ಮುಗಿದ ಮೇಲೆ ಇಟ್ಟರೆ ಕಣ್ಣೆಲ್ಲ ಮಂಡ್ಯದ ಕಂಪನಿ ಬಸ್ಸಿನ ಮೇಲೆ. ಶಿಫ್ಟ್ ಒಳಗೇ, ಬದಲಿ ಆಪರೇಟರ್ ಕೊಟ್ಟು ನಡೆಸಬೇಕು.

ಮೊದಲ ಭಾಗಕ್ಕೆ ಐದಕ್ಕೆ ನಾಲ್ಕೂವರೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು. ಅಡ್ವಾನ್ಸ್ ಕೊಡುವ ಮೊದಲು ಟ್ರೇನರ್‌ಗೆ ನಿಮ್ಮ ಲೈನಿನದೇ ಒಂದು ಸಣ್ಣ ಕೆಲಸ ಕೊಟ್ಟು, ಅದಕ್ಕೆ ಬ್ರೇಕ್‌ಡೌನ್ ಶೀಟ್ ಬರೆಯಲು ಹೇಳಿ. ಆಪರೇಟರ್ ಪಕ್ಕ ನಿಂತು ಕೇಳಿ ಬರೆದರೆ ಒಪ್ಪಿಕೊಳ್ಳಿ. ಕುರ್ಚಿಯಿಂದ ಏಳದೆ ಬರೆದುಕೊಟ್ಟರೆ ಬೇರೆಯವರನ್ನು ನೋಡಿ.